ಮುಚ್ಚಳ ತೆಗೆದವರು

ಎಂಟು ತಿಂಗಳಿಂದ ಬಾರದ ಆಸ್ಪತ್ರೆಯ ಆಪರೇಷನ್ ತಾರೀಖು, ಕಾವಿನ ಮಿಷನ್ನಿಗೆ ಮೊಟ್ಟೆ ಇಟ್ಟ ನಾಲ್ಕನೆಯ ದಿನ ಬಂತು. ಒಂದು ವಾರ ಮೊದಲು ಬಂದಿದ್ದರೆ ಮೊಟ್ಟೆ ಇಡುತ್ತಿರಲಿಲ್ಲ. ಒಂದು ತಿಂಗಳು ತಡವಾಗಿದ್ದರೆ ಮರಿ ಮಾರಿ ಕೈ ತೊಳೆದುಕೊಂಡಾಗಿರುತ್ತಿತ್ತು. ಹೆಂಡತಿಯ ಸೊಂಟದ ಕೀಲು ಸವೆದು, ಅಡುಗೆಮನೆಯಿಂದ ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುವಂತಾಗಿತ್ತು. ಈ ತಾರೀಖು ತಪ್ಪಿದರೆ ಇನ್ನು ಮುಂದಿನ ವರ್ಷವೇ. ಇತ್ತ ಕಾವಿನ ಮಿಷನ್ನಿನಲ್ಲಿ ನೂರಿಪ್ಪತ್ತು ಮೊಟ್ಟೆ. ಒಳಗೆ ಜೀವ ಕಟ್ಟತೊಡಗಿದ ಮೇಲೆ ಅದಕ್ಕೆ ಸ್ವಲ್ಪ ತಡಿಯಪ್ಪಾ ಅನ್ನುವ ಹಾಗಿಲ್ಲ.

"ಹೋಗಿ ಬರೋಕೆ ಹತ್ತೊಂಬತ್ತು ದಿನ," ಅಂದ ಗಂಡ, ತಟ್ಟೆಯ ಮುಂದೆ ಕೂತು. ಕೋಳಿಮರಿ ಮಾಡಿ ಮಾರುವವನಾದ್ದರಿಂದ ಊರೆಲ್ಲ ಅವನನ್ನು ಮರಿಯವನು ಅಂತಲೇ ಕರೆಯುತ್ತಿತ್ತು. "ಆಪರೇಷನ್ನು, ಆಮೇಲೆ ನಡೆಸಿ ನೋಡೋದು, ಎಲ್ಲಾ ಸೇರಿ. ಇವಳ ಜೊತೆ ನಾನು ಇರಲೇಬೇಕು. ಮನೇಲಿ ಅವಳೊಬ್ಬಳೇ ಆಗ್ತಾಳೆ."

ಅವಳು ಅಂದರೆ ಹದಿನಾರು ವರ್ಷದ ಮಗಳು. ಹಾಲುಹಲ್ಲು ಬೀಳುವ ಮೊದಲೇ ಮನೆಯವರಿಂದ ಮೊಂಡಿ ಅನ್ನಿಸಿಕೊಂಡವಳು. ಎಲ್ಲರೂ ಊಟಕ್ಕೆ ಕೂತಿದ್ದರೆ ಇವಳು ಅಡುಗೆಮನೆಯ ಕಟ್ಟೆಗೆ ಒರಗಿ, ತಟ್ಟೆಯನ್ನು ಎದೆಗೆ ಒತ್ತಿಕೊಂಡು ನಿಂತೇ ತಿನ್ನುತ್ತಿದ್ದಳು.

"ಒಬ್ಬಳೇ ಇದ್ರೆ ಏನಾಗತ್ತೆ? ನಿಮ್ಮ ಕಾಟ ಇರಲ್ಲ, ಅಷ್ಟೇ."

"ಏನಾಗತ್ತಾ? ಹೋದ ಸಲ ಮೂರು ದಿನ ಬಿಟ್ಟು ಹೋಗಿದ್ದಕ್ಕೆ ಒಂದು ಟ್ರೇ ಮೊಟ್ಟೆ ಮಾರ್ಕೊಂಡು ಕಿವಿಗೆ ಸಿಕ್ಕಿಸ್ಕೊಳ್ಳೋದು ತಂದೆ. ಈ ವರ್ಷ ಸ್ಕೂಲಿಗೆ ಹನ್ನೊಂದು ದಿನ ಚಕ್ಕರ್. ಲೆಕ್ಕದ ಮೇಷ್ಟ್ರಿಗೆ ಎದುರುತ್ತರ."

"ಅವರೇ ಮೊದಲು ಬೈದಿದ್ದು."

"ಮೇಷ್ಟ್ರು ಬೈಯದೆ ದಾರೀಲಿ ಹೋಗೋರು ಬೈತಾರಾ?"

ಮೇಜಿನ ಇನ್ನೊಂದು ತುದಿಯಲ್ಲಿ ಮರಿಯವನ ಅಕ್ಕ ಕೂತಿದ್ದಳು. ಹುಡುಗಿಯರ ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ವಾರ್ಡನ್ ಆಗಿದ್ದು ನಿವೃತ್ತಳಾಗಿ, ಎರಡು ಬೀದಿ ಆಚೆ ಒಂದು ಪುಟ್ಟ ಮನೆ ಮಾಡಿಕೊಂಡಿದ್ದಳು. ಕೆಲಸ ಬಿಟ್ಟರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ, ಎಲ್ಲರಿಗೂ ವಾರ್ಡನಮ್ಮ. ಅವಳು ಊಟ ಮಾಡುವಾಗ ಮಾತಾಡುವವಳಲ್ಲ. ಮಾತಾಡುವವರನ್ನು ನೋಡುವವಳು.

"ಕೇಳು," ಅಂದ ಮರಿಯವನು ಮಗಳಿಗೆ. "ಇಪ್ಪತ್ತೊಂದನೇ ದಿನ ಮರಿ ಸರಿಯಾಗಿ ಬಂದ್ರೆ ನಾನು ಇನ್ನೊಂದು ಮಾತು ಆಡಲ್ಲ. ಕೆಡಿಸಿದ್ಯೋ, ಗಂಟುಮೂಟೆ ಕಟ್ಟು. ಇನ್ನೆರಡು ವರ್ಷ ಅತ್ತೆ ಮನೇಲಿ ಇದ್ದು ಸ್ಕೂಲು ಮುಗಿಸು."

"ಸರಿಯಾಗಿ ಅಂದ್ರೆ ಎಷ್ಟು?"

"ಏನು ಎಷ್ಟು?"

"ಮರಿ ಎಷ್ಟು? ಆಮೇಲೆ ನೂರಿಪ್ಪತ್ತಕ್ಕೆ ನೂರಿಪ್ಪತ್ತು ಬೇಕಿತ್ತು ಅಂತೀಯ. ನಿನ್ನ ಬಾಯಿ ನನಗೆ ಗೊತ್ತಿಲ್ವಾ?"

"ಎಂಬತ್ತು."

"ಅಮ್ಮಾ, ನೀನೇ ಸಾಕ್ಷಿ."

ತಾಯಿ ನೋವಿನ ಮುಖದಲ್ಲೇ ಹೂಂಗುಟ್ಟಿದಳು. ಮರಿಯವನು ಅಕ್ಕನ ಕಡೆ ತಿರುಗಿದ. "ಏನಂತೀಯಕ್ಕಾ? ಇವಳನ್ನ ತಿದ್ದೋಕೆ ನಿನ್ನೊಬ್ಬಳಿಂದಲೇ ಸಾಧ್ಯ."

ಇಲ್ಲಿ ವಾರ್ಡನಮ್ಮ ಒಲ್ಲೆ ಅನ್ನಬಹುದಿತ್ತು. ಇಪ್ಪತ್ತೆಂಟು ವರ್ಷ ಬೆಳಗಿನ ಐದು ಗಂಟೆಗೆ ಗಂಟೆ ಬಾರಿಸಿ, ನೂರ ನಲವತ್ತು ಹುಡುಗಿಯರ ಜಗಳ, ಜ್ವರ, ಕಳ್ಳತನ, ಅಳು ಎಲ್ಲ ಹೊತ್ತು, ಈಗ ಎರಡು ವರ್ಷದಿಂದ ಅವಳು ಸುಖ ಅಂದರೇನೆಂದು ಕಂಡಿದ್ದಳು. ಬೇಕಾದಾಗ ಏಳುವುದು. ಕಿಟಕಿಯ ಹತ್ತಿರ ಕೂತು ಕಾಫಿ ಕುಡಿಯುವುದು. ಇಡೀ ದಿನ ಯಾರೂ ಬಾಗಿಲು ಧಡಾರೆಂದು ಹಾಕದೆ ಇರುವುದು. ಅದನ್ನು ಬಿಟ್ಟುಕೊಟ್ಟು ಈ ಮೆಣಸಿನಕಾಯಿಯನ್ನು ಮನೆಗೆ ತುಂಬಿಸಿಕೊಳ್ಳುವ ಯೋಚನೆಯೇ ಅವಳಿಗೆ ಬೇಡವಾಗಿತ್ತು. ಆದರೆ ತಮ್ಮ ಹೊಗಳಿಬಿಟ್ಟಿದ್ದ.

"ಬರಲಿ ಬಿಡು," ಅಂದಳು. "ಇಂಥೋರನ್ನ ಎಷ್ಟು ಜನರನ್ನ ನೋಡಿಲ್ಲ."

"ನನ್ನಂಥೋರನ್ನ ನೋಡಿಲ್ಲ ನೀವು," ಅಂದಳು ಮೊಂಡಿ, ತಟ್ಟೆಯನ್ನು ತೊಟ್ಟಿಗೆ ಎಸೆದು.

ಮಾರನೆಯ ಬೆಳಿಗ್ಗೆ ಹೊರಡುವ ಮೊದಲು ಮರಿಯವನು ಮಗಳನ್ನು ಮಿಷನ್ನಿನ ಕೋಣೆಗೆ ಕರೆದುಕೊಂಡು ಹೋಗಿ ಒಂದು ಗಂಟೆ ಪಾಠ ಮಾಡಿದ. ಸೊಂಟದೆತ್ತರದ ಮರದ ಪೆಟ್ಟಿಗೆ, ಮೇಲೆ ಅಂಗೈಯಗಲದ ಗಾಜು ಕೂರಿಸಿದ ಮುಚ್ಚಳ, ಪಕ್ಕದಲ್ಲಿ ನೀರು ಹೊಯ್ಯುವ ಕೊಳವೆ. ಎಷ್ಟು ಬಿಸಿ, ಎಷ್ಟು ನೀರು, ದಿನಕ್ಕೆ ಮೂರು ಸಲ ಮೊಟ್ಟೆ ಹೊರಳಿಸುವುದು, ಯಾವ ದಿನ ಏನು, ಎಲ್ಲ ಹೇಳಿದ. ಆಮೇಲೆ ಗೇಟಿನ ಹತ್ತಿರ ಅಕ್ಕನ ಕೈಗೆ ಮನೆಯ ಇನ್ನೊಂದು ಬೀಗದ ಕೈ ತುರುಕಿ, ದನಿ ತಗ್ಗಿಸಿದ.

"ಅವಳು ಸ್ಕೂಲಿಗೆ ಹೋದಾಗ ದಿನಾ ಒಂದ್ಸಲ ಬಂದು ಮೊಟ್ಟೆ ಎಣಿಸಿ ನೋಡಕ್ಕಾ. ಅವಳಿಗೆ ಗೊತ್ತಾಗೋದು ಬೇಡ."

"ಅದನ್ನ ನನಗೆ ಹೇಳಿಕೊಡಬೇಕಾ?" ಅಂದಳು ವಾರ್ಡನಮ್ಮ.

ಅಷ್ಟರಲ್ಲಿ ಕಾರಿನವನು ಹಾರ್ನ್ ಹೊಡೆದ. ಮರಿಯವನು ಕೆಲಸವನ್ನು ಮಗಳಿಗೆ ಹೇಳಿದ, ಅನುಮಾನವನ್ನು ಅಕ್ಕನಿಗೆ ಹೇಳಿದ. ಎರಡನ್ನೂ ಒಬ್ಬರ ಕಿವಿಗೇ ಹಾಕಿದ್ದರೆ ಹೇಳುವುದಕ್ಕೆ ಈ ಕಥೆಯೇ ಇರುತ್ತಿರಲಿಲ್ಲ.

ವಾರ್ಡನಮ್ಮ ತನ್ನ ಕೆಲಸವನ್ನು ಮನಸ್ಸಿಟ್ಟೇ ಮಾಡಿದಳು. ಮಾಡದೆ ಏನು? ಒಂದು ಮೊಟ್ಟೆ ಆಚೀಚೆ ಆದರೂ ಹುಡುಗಿ ತನ್ನ ಕೊರಳಿಗೇ ಬೀಳುತ್ತಾಳೆ. ಕಳ್ಳಿಯನ್ನು ಹಿಡಿಯುವುದಕ್ಕಿಂತ ಕಳ್ಳತನ ಆಗದ ಹಾಗೆ ನೋಡಿಕೊಳ್ಳುವುದೇ ಅವಳಿಗೆ ಬೇಕಿತ್ತು. ಸ್ಕೂಲ್ ಬಸ್ಸು ಹೋಗಿ ಎರಡು ಗಂಟೆ ಬಿಟ್ಟು ಬೀಗ ತೆಗೆದು ಒಳಗೆ ಹೋಗುವಳು. ಅಡುಗೆಮನೆಯ ತೊಟ್ಟಿಯಲ್ಲಿ ಮೂರು ದಿನದ ಪಾತ್ರೆ ಒಂದರ ಮೇಲೊಂದು. ನೆಲದಲ್ಲಿ ಬ್ರೆಡ್ಡಿನ ಪುಡಿ, ಕುರ್ಚಿಯ ಮೇಲೆ ಒದ್ದೆ ಟವಲು, ಹಾಸಿಗೆಯಂತೂ ಎತ್ತು ಹೊರಳಾಡಿ ಎದ್ದ ಹಾಗೆ. ಮಿಷನ್ನಿನ ಕೋಣೆ ಮಾತ್ರ ಗುಡಿಸಿ ಒರೆಸಿ ಕನ್ನಡಿಯಾಗಿರುತ್ತಿತ್ತು. ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ಕು ನೇತುಹಾಕಿತ್ತು. ಅದನ್ನು ವಾರ್ಡನಮ್ಮ ಕೈಯಿಂದಲೂ ಮುಟ್ಟಲಿಲ್ಲ. ಹುಡುಗಿಯರು ಬರೆದಿಟ್ಟ ಪುಸ್ತಕಗಳನ್ನು ಇಪ್ಪತ್ತೆಂಟು ವರ್ಷ ಓದಿದ್ದಳು. ಒಂದರಲ್ಲೂ ನಿಜ ಇರುತ್ತಿರಲಿಲ್ಲ. ಅವಳು ಮುಚ್ಚಳ ತೆಗೆದು, ಕನ್ನಡಕ ಹಾಕಿಕೊಂಡು ಎಣಿಸುವಳು. ನೂರಿಪ್ಪತ್ತು. ಮುಚ್ಚುವಳು.

ಸಂಜೆ ಡಬ್ಬಿಯಲ್ಲಿ ಊಟ ಹಿಡಿದು, ಏನೂ ಅರಿಯದವಳ ಹಾಗೆ ಮತ್ತೆ ಹೋಗುವಳು.

"ಪಾತ್ರೆ ಹಾಗೇ ಬಿದ್ದಿವೆಯಲ್ಲೇ."

"ಅವುಗಳಿಗೆ ಕಾಲಿಲ್ಲ, ಓಡಿಹೋಗಲ್ಲ."

"ಹುಳ ಬೀಳತ್ತೆ."

"ಬಿದ್ದ ಮೇಲೆ ತೊಳೀತೀನಿ. ಹುಳಕ್ಕೂ ಸ್ನಾನ ಆಗತ್ತೆ."

"ಈ ನಾಲಿಗೆ ನೋಡು. ಹಾಸ್ಟೆಲಿನಲ್ಲಿ ಆಗಿದ್ರೆ ನಿನಗೆ ಒಂದು ವಾರ ನೆಲ ಒರೆಸೋ ಡ್ಯೂಟಿ ಹಾಕ್ತಿದ್ದೆ."

"ಅದಕ್ಕೇ ಅಲ್ವಾ, ನಿಮ್ಮ ಹಾಸ್ಟೆಲಿನ ಹುಡುಗೀರು ಒಬ್ಬರಾದ್ರೂ ನಿಮ್ಮನ್ನ ನೋಡೋಕೆ ಬರದೇ ಇರೋದು."

ವಾರ್ಡನಮ್ಮ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. "ಒಳಗಿರೋದು ಬೇಯಿಸಿದ ಆಲೂಗಡ್ಡೆ, ಮೊಟ್ಟೆ. ತಿನ್ನು, ಬಿಡು."

"ಮೊಟ್ಟೆ ಬೇಡ. ಇಡೀ ದಿನ ಅದರ ಮುಖಾನೇ ನೋಡ್ತಿರ್ತೀನಿ," ಅಂದಳು ಹುಡುಗಿ. ಆದರೆ ಡಬ್ಬಿ ಮಾರನೆಯ ದಿನ ಖಾಲಿಯಾಗಿಯೇ ಸಿಕ್ಕಿತು. ತೊಳೆಯದೆ.

ಮೊಟ್ಟೆ ಇಟ್ಟ ಎಂಟನೆಯ ದಿನ ವಾರ್ಡನಮ್ಮ ಎಣಿಸಿದಾಗ ನೂರ ಆರು ಬಂತು.

ತಪ್ಪಿತೇನೋ ಅಂದುಕೊಂಡು ಮತ್ತೆ ಎಣಿಸಿದಳು. ನೂರ ಆರು. ಟ್ರೇಯನ್ನೇ ಎತ್ತಿ ಮೇಜಿನ ಮೇಲಿಟ್ಟುಕೊಂಡು, ಒಂದೊಂದೇ ಮೊಟ್ಟೆಯ ಮೇಲೆ ಬೆರಳಿಟ್ಟು ಎಣಿಸಿದಳು. ನೂರು, ಮತ್ತೆ ಆರು. ಹದಿನಾಲ್ಕು ಮೊಟ್ಟೆ ಮಾಯ.

"ಶುರು ಹಚ್ಚಿಕೊಂಡಳು," ಅಂದುಕೊಂಡಳು ವಾರ್ಡನಮ್ಮ. ತಮ್ಮನಿಗೆ ಫೋನು ಮಾಡಿ ಒಂದು ಮಾತು ಕೇಳಿದ್ದರೆ ಅಲ್ಲಿಗೇ ಬಗೆಹರಿಯುತ್ತಿತ್ತು. ಹೇಗೆ ಕೇಳುವುದು? ಕೇಳಿದರೆ ಅವನು ಹುಡುಗಿಯ ಗಂಟುಮೂಟೆಯನ್ನು ಅವತ್ತೇ ಅಕ್ಕನ ಮನೆಗೆ ಹೊರಡಿಸುತ್ತಾನೆ. ಹುಡುಗಿಯನ್ನೇ ಕೇಳೋಣವೆಂದರೆ, ಕೇಳಿದ ಕೂಡಲೇ ಸುಳ್ಳು ಹುಟ್ಟುತ್ತದೆ ಅನ್ನುವುದು ಅವಳ ಹಾಸ್ಟೆಲಿನ ಕಾನೂನು. ಕೈಯಲ್ಲಿ ಹಿಡಿದ ಮೇಲೆ ಮಾತು. ಅಲ್ಲಿಯವರೆಗೆ ಸೂಜಿ ಚುಚ್ಚಿದ ಹಾಗೆ ಸಣ್ಣಗೆ ಹೆದರಿಸುವುದು.

"ಮೊಟ್ಟೆ ಹೇಗಿವೆ?" ಅಂದಳು ಸಂಜೆ.

"ಗುಂಡಗಿವೆ."

"ಎಷ್ಟಿವೆ?"

"ನಿಮಗ್ಯಾಕೆ?"

"ನಿಮ್ಮಪ್ಪ ಬಂದಾಗ ಹೇಳಬೇಕಾಗತ್ತೆ. ಹೊಸ ಚಪ್ಪಲಿ ಗಿಪ್ಪಲಿ ತಗೊಂಡ್ಯಾ?"

ಹುಡುಗಿ ಅವಳನ್ನೇ ಒಂದು ಗಳಿಗೆ ನೋಡಿದಳು. "ಅತ್ತೆ, ನಿಮಗೆ ನನ್ನ ಮೇಲೆ ಏನಾದ್ರೂ ಇದ್ರೆ ನೇರ ಕೇಳಿ. ಹೀಗೆ ಗೋಡೆ ಮೇಲೆ ಹಲ್ಲಿ ಥರ ಲೊಚಗುಟ್ಟಬೇಡಿ."

"ನಾನು ಹಲ್ಲಿನಾ?"

"ಹಲ್ಲಿ ಆದ್ರೂ ಸೊಳ್ಳೆ ತಿನ್ನತ್ತೆ. ಉಪಯೋಗ ಇದೆ."

ಆವತ್ತು ವಾರ್ಡನಮ್ಮ ಮನೆಗೆ ಹೋಗಿ ಊಟವನ್ನೇ ಮಾಡಲಿಲ್ಲ. ಮಾರನೆಯ ದಿನದಿಂದ ಟ್ರೇಯನ್ನು ಹೊರಗೆ ತೆಗೆದೇ ಎಣಿಸುವ ಕ್ರಮ ಮಾಡಿಕೊಂಡಳು. ಮಿಷನ್ನಿನ ಕೋಣೆಗೆ ಕಿಟಕಿ ಇಲ್ಲ. ಬೆವರು ಇಳಿದು ಕನ್ನಡಕ ಜಾರುತ್ತಿತ್ತು. ಹಾಗಾಗಿ ಮೇಜಿನ ಮೇಲಿನ ಫ್ಯಾನು ಹಾಕಿಕೊಂಡು, ಅದರ ಗಾಳಿಗೆ ಕೂತು, ಸಮಾಧಾನವಾಗಿ ಎಣಿಸುವಳು. ನೂರ ಆರು. ಹತ್ತು ದಿನ ಕಳೆದರೂ ನೂರ ಆರೇ. ತನ್ನ ಹಲ್ಲಿಮಾತು ಕೆಲಸ ಮಾಡಿದೆ, ಹುಡುಗಿ ಹೆದರಿ ಕೈ ಬಿಗಿಹಿಡಿದಿದ್ದಾಳೆ ಅಂತ ಅವಳು ನಂಬಿದಳು.

ಆಸ್ಪತ್ರೆಯಿಂದ ತಮ್ಮನ ಹೆಂಡತಿ ಫೋನು ಮಾಡಿದಳು. ಆಪರೇಷನ್ ಆಗಿತ್ತು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಟ್ಟಿದ್ದಳು.

"ಹೇಗಿದ್ದಾಳೆ ಅಕ್ಕಾ ಅವಳು? ಫೋನು ಮಾಡಿದ್ರೆ ಬರೀ ಬಿಸಿ ಎಷ್ಟು, ನೀರು ಎಷ್ಟು, ಅದೇ ಹೇಳ್ತಾಳೆ. ಊಟ ಮಾಡಿದ್ಯೇನೇ ಅಂದ್ರೆ ಕಟ್ ಮಾಡ್ತಾಳೆ."

"ಇದ್ದಾಳೆ, ಇದ್ದ ಹಾಗೇ."

"ಒಬ್ಬಳೇ ಹೆದರ್ತಾಳೇನೋ."

"ಅವಳಾ? ಅವಳನ್ನ ನೋಡಿ ಕತ್ತಲೆ ಹೆದರಬೇಕು."

ಹದಿನೆಂಟನೆಯ ದಿನ ಬೆಳಿಗ್ಗೆ ವಾರ್ಡನಮ್ಮ ಹೋದಾಗ ಮಿಷನ್ನಿನ ಮುಚ್ಚಳಕ್ಕೆ ಒಂದು ಹಾಳೆ ಅಂಟಿಸಿತ್ತು. ದಪ್ಪ ಅಕ್ಷರ, ಹುಡುಗಿಯ ಕೈಬರಹ: "ಇವತ್ತಿನಿಂದ ಮುಚ್ಚಳ ತೆಗೆಯಬಾರದು. ಯಾರೂ. ಯಾವ ಕಾರಣಕ್ಕೂ."

ವಾರ್ಡನಮ್ಮನ ತುಟಿ ಸೊಟ್ಟಗಾಯಿತು. ಹಾಸ್ಟೆಲಿನಲ್ಲಿ ಒಂದು ಸಲ ಏಳನೇ ನಂಬರ್ ಕೋಣೆಯ ಬಾಗಿಲಿಗೆ ಹೀಗೇ ಒಂದು ಹಾಳೆ ಅಂಟಿಸಿದ್ದರು: ಅಂಟುಜ್ವರ, ಒಳಗೆ ಬರಬೇಡಿ. ಬಾಗಿಲು ತಳ್ಳಿ ನೋಡಿದರೆ ಆರು ಹುಡುಗಿಯರು ಸ್ಟೌ ಹಚ್ಚಿಕೊಂಡು ನೂಡಲ್ಸು ಬೇಯಿಸುತ್ತಿದ್ದರು. ಇನ್ನೊಂದು ಸಲ, ಬಣ್ಣ ಹಸಿ ಇದೆ, ಮುಟ್ಟಬೇಡಿ ಅಂತ; ಒಳಗೆ ನೋಡಿದರೆ ನಾಯಿಮರಿ. ಮುಚ್ಚಿಡುವುದು ಇರುವವರೇ ಚೀಟಿ ಬರೆಯುವುದು. ಯಾರೂ ಅಂತ ಬೇರೆ ಬರೆದಿದ್ದಾಳೆ! ಮನೆಯಲ್ಲಿ ಇರುವವಳು ಇವಳೊಬ್ಬಳೇ. ಹಾಗಾದರೆ ಅದು ಯಾರಿಗೆ?

ಅವಳು ಹಾಳೆ ಹರಿಯದ ಹಾಗೆ ಹುಷಾರಾಗಿ ಮುಚ್ಚಳ ತೆಗೆದಳು. ಹಬೆ ಮುಖಕ್ಕೆ ಬಡಿದು ಕನ್ನಡಕ ಮಂಜಾಯಿತು. ಟ್ರೇ ಹೊರಗಿಟ್ಟು, ಫ್ಯಾನು ಹಾಕಿ, ಕನ್ನಡಕ ಒರೆಸಿಕೊಂಡು ಎಣಿಸಿದಳು. ನೂರ ಆರು. ಹೊಸ ಮೋಸ ಇನ್ನೂ ಆಗಿಲ್ಲ, ಆಗಲಿದೆ. ಹತ್ತೊಂಬತ್ತನೆಯ ದಿನ ಎರಡು ಸಲ ಬಂದು ನೋಡಿದಳು.

ಇಪ್ಪತ್ತನೆಯ ದಿನ ಟ್ರೇ ಎತ್ತುವಾಗ ಒಳಗಿಂದ ಸಣ್ಣ ಸದ್ದು ಬರುತ್ತಿತ್ತು. ಟಿಕ್, ಟಿಕ್. ಕೆಲವು ಮೊಟ್ಟೆಗಳ ಮೇಲೆ ಸಾಸಿವೆಯಷ್ಟು ಬಿರುಕು. ವಾರ್ಡನಮ್ಮನಿಗೆ ಖುಷಿಯೇ ಆಯಿತು. ಇನ್ನೇನು, ಗೆದ್ದೆ. ಫ್ಯಾನಿನ ಗಾಳಿಯಲ್ಲಿ ಕೂತು ಎಪ್ಪತ್ತೆರಡರವರೆಗೆ ಎಣಿಸಿದ್ದಳು, ಮುಂಬಾಗಿಲು ಧಡಾರೆಂದಿತು.

"ಅತ್ತೆ!"

ಮೊಂಡಿ ಬಾಗಿಲಲ್ಲಿ ನಿಂತಿದ್ದಳು. ಬೆನ್ನಿಗೆ ಸ್ಕೂಲ್ ಬ್ಯಾಗು, ಓಡಿಬಂದು ಏದುಸಿರು.

"ಸ್ಕೂಲು ಬಿಟ್ಟು ಯಾಕೆ ಬಂದೆ?" ಅಂದಳು ವಾರ್ಡನಮ್ಮ. ಇಪ್ಪತ್ತೆಂಟು ವರ್ಷದ ಅಭ್ಯಾಸ, ತಪ್ಪು ತನ್ನ ಕೈಯಲ್ಲೇ ಇದ್ದರೂ ಮೊದಲ ಪ್ರಶ್ನೆ ಅವಳದೇ.

"ಫ್ಯಾನ್ ಆಫ್ ಮಾಡಿ! ಫ್ಯಾನ್!" ಹುಡುಗಿ ಹಾರಿಬಂದು ಸ್ವಿಚ್ಚು ಒತ್ತಿದಳು. ಟ್ರೇಯನ್ನು ಎತ್ತಿ ಮಿಷನ್ನಿನೊಳಗೆ ಇಟ್ಟು, ಮುಚ್ಚಳ ಹಾಕಿ, ಕೊಳವೆಗೆ ಬಿಸಿನೀರು ಹೊಯ್ದಳು. ಅವಸರಕ್ಕೆ ಅರ್ಧ ನೀರು ನೆಲಕ್ಕೆ ಬಿತ್ತು. "ನೀವಾ? ಮೂರು ದಿನದಿಂದ ಗಾಜಿನ ಮೇಲೆ ಹಬೆ ನಿಲ್ತಿಲ್ಲ. ಮಿಷನ್ನೇ ಕೆಟ್ಟಿದೆ ಅಂತ ನೀರು ತುಂಬಿ ತುಂಬಿ ಸಾಯ್ತಿದ್ದೀನಿ. ಕ್ಲಾಸಲ್ಲಿ ಕೂತ್ಕೊಳ್ಳೋಕಾಗದೆ ಓಡಿ ಬಂದ್ರೆ... ನೀವಾ!"

"ಕಿರುಚಬೇಡ. ನಿಮ್ಮಪ್ಪ ಹೇಳಿದ್ದಕ್ಕೆ ಎಣಿಸ್ತಿದ್ದೆ."

"ಎಣಿಸೋಕೆ ಫ್ಯಾನು ಬೇಕಾ? ಬರೆದು ಅಂಟಿಸಿದ್ದೀನಲ್ಲ, ಓದೋಕೆ ಬರಲ್ವಾ?"

"ಆ ಚೀಟಿ ಆಟ ನನ್ನ ಹತ್ರ ಬೇಡ. ಹದಿನಾಲ್ಕು ಮೊಟ್ಟೆ ಎಲ್ಲಿ ಹೋಯ್ತು? ಮೊದಲು ಅದು ಹೇಳು."

ಹುಡುಗಿ ಗೋಡೆಯ ಮೊಳೆಯಿಂದ ನೋಟ್‌ಬುಕ್ಕು ಕಿತ್ತು ಅವಳ ಮಡಿಲಿಗೆ ಎಸೆದಳು. "ಏಳನೇ ದಿನ ಒಂದೊಂದೂ ದೀಪಕ್ಕೆ ಹಿಡಿದು ನೋಡಬೇಕು. ಜೀವ ಕಟ್ಟದೇ ಇರೋದನ್ನ ತೆಗೀಬೇಕು. ತೆಗೆದಿದ್ದೀನಿ. ಹಿತ್ತಲಲ್ಲಿ ನಿಂಬೆಗಿಡದ ಬುಡಕ್ಕೆ ಹೂತಿದ್ದೀನಿ. ಹೋಗಿ ಅಗೆದು ಎಣಿಸಿ, ಅದೂ ಒಂದು ಆಗಿಬಿಡಲಿ!"

ವಾರ್ಡನಮ್ಮ ಪುಟ ತಿರುಗಿಸಿದಳು. ದಿನಕ್ಕೆ ಮೂರು ಹೊತ್ತು, ಬಿಸಿ, ನೀರು, ಹೊರಳಿಸಿದ ಸಮಯ. ಒಂದು ಸಾಲೂ ಬಿಟ್ಟಿರಲಿಲ್ಲ. ಏಳನೇ ದಿನದ ಮುಂದೆ, 'ಖಾಲಿ 14, ಅಪ್ಪನಿಗೆ ಹೇಳಿದೆ' ಅಂತ ಇತ್ತು.

"ಈಗೇನಾಯ್ತು? ಮರಿ ಒಡೀತಿವೆಯಲ್ಲ," ಅಂದಳು, ದನಿ ಇಳಿದು.

"ಒಡೆಯೋಕೆ ಶುರು ಮಾಡಿವೆ ಅಷ್ಟೇ. ಚಿಪ್ಪಿನ ಒಳಗಡೆ ಒಂದು ಪೊರೆ ಇರತ್ತೆ. ಅದು ಒದ್ದೆ ಇದ್ರೆ ಮರಿ ಒಳಗೇ ತಿರುಗಿ, ಕುಟ್ಟಿ, ಹೊರಗೆ ಬರತ್ತೆ. ಒಣಗಿಬಿಟ್ರೆ ಮೈಗೆ ಅಂಟ್ಕೊಳತ್ತೆ, ಕೊಕ್ಕು ಆಡಿಸೋಕೂ ಆಗಲ್ಲ. ಅಲ್ಲೇ ಉಸಿರು ಕಟ್ಟಿ ಸಾಯತ್ತೆ. ಅದಕ್ಕೇ ಕೊನೇ ಮೂರು ದಿನ ಗಾಳಿ ಸೋಕಬಾರದು. ನೀವು ಫ್ಯಾನು ಹಾಕಿ ಆರಿಸಿದ್ರಿ. ಬಟ್ಟೆ ಆರಿಸೋ ಹಾಗೆ!"

"ನನಗೆ ಯಾರೂ ಹೇಳಲಿಲ್ಲ."

"ನೀವು ಯಾರನ್ನೂ ಕೇಳಲಿಲ್ಲ. ನಡೀರಿ ಆಚೆ. ನಡೀರಿ!"

ಇಪ್ಪತ್ತೊಂದನೆಯ ದಿನ ಸಂಜೆಯ ಹೊತ್ತಿಗೆ ಮೂವತ್ತೊಂದು ಮರಿ ಹೊರಗೆ ಬಂದವು. ಉಳಿದವು ಅರ್ಧ ಕುಟ್ಟಿ ನಿಂತವು, ಕೆಲವಂತೂ ಕುಟ್ಟಲೇ ಇಲ್ಲ. ಮರುದಿನ ಮಧ್ಯಾಹ್ನದವರೆಗೂ ಹುಡುಗಿ ಮಿಷನ್ನಿನ ಮುಂದೆ ಕುಕ್ಕರಗಾಲಲ್ಲಿ ಕೂತೇ ಇದ್ದಳು. ಟಿಕ್ ಟಿಕ್ ಸದ್ದು ಒಂದೊಂದಾಗಿ ನಿಂತಿತು. ಬಾಗಿಲಿಗೆ ಬಂದ ವಾರ್ಡನಮ್ಮನ ಡಬ್ಬಿಯನ್ನು ಅವಳು ತೆಗೆದುಕೊಳ್ಳಲಿಲ್ಲ.

ಆವತ್ತೇ ತಮ್ಮನ ಫೋನು ಬಂತು.

"ಅಕ್ಕಾ, ಅವಳ ಧೈರ್ಯ ನೋಡು. ಮೂವತ್ತೊಂದೇ ಮರಿ. ಏನೇ ಮಾಡಿದೆ ಅಂದ್ರೆ ಅತ್ತೆ ದಿನಾ ಬಂದು ಮುಚ್ಚಳ ತೆಗೆದರು, ಫ್ಯಾನು ಹಾಕಿದರು ಅಂತಾಳೆ. ನಾಚಿಕೆ ಬೇಡ್ವಾ? ನಿಜಾನಾ ಅದು?"

ವಾರ್ಡನಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಹೌದು ಅನ್ನುವುದು ಎರಡಕ್ಷರದ... ಅಲ್ಲ, ಅಷ್ಟೂ ಬೇಕಿರಲಿಲ್ಲ, ಹೂಂ ಅಂದಿದ್ದರೆ ಸಾಕಿತ್ತು. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಯಾವ ಹುಡುಗಿಯ ಮಾತೂ ಅವಳ ಮಾತಿನ ಎದುರು ನಿಂತಿರಲಿಲ್ಲ. ನಾಲಿಗೆ ತಾನಾಗಿ ಹಳೆಯ ದಾರಿ ಹಿಡಿಯಿತು.

"ಹುಡುಗೀರು ಏನೇನೋ ಹೇಳ್ತಾರಪ್ಪಾ. ನಾನು ಕೇಳಿ ಕೇಳಿ ಸುಸ್ತಾಗಿದ್ದೀನಿ."

"ನನಗೆ ಗೊತ್ತಿತ್ತು!" ಅಂದ ತಮ್ಮ. "ಆಯ್ತು. ಬಂದ ದಿನವೇ ಅವಳನ್ನ ನಿನ್ನ ಮನೆಗೆ ಬಿಡ್ತೀನಿ."

ಫೋನು ಇಟ್ಟ ಮೇಲೆ ಅವಳಿಗೆ ತಾನು ಏನು ಮಾಡಿಕೊಂಡೆ ಅನ್ನುವುದು ತಿಳಿಯಿತು. ಸುಳ್ಳೂ ಆಡಿರಲಿಲ್ಲ, ನಿಜವನ್ನೂ ಆಡಿರಲಿಲ್ಲ. ಎರಡರ ನಡುವಿನ ಸಂದಿಯಲ್ಲಿ ಒಬ್ಬ ಹುಡುಗಿಯನ್ನು ತನ್ನ ಮನೆಯೊಳಕ್ಕೆ ಎಳೆದುಕೊಂಡಿದ್ದಳು.

ಇಪ್ಪತ್ತಮೂರನೆಯ ದಿನ ಮಧ್ಯಾಹ್ನ ಕಾರು ಬಂತು. ಅಡುಗೆ ವಾರ್ಡನಮ್ಮನೇ ಮಾಡಿಟ್ಟಿದ್ದಳು. ತಮ್ಮನ ಹೆಂಡತಿ ಕೋಲೂರಿಕೊಂಡು ಬಂದು ದಿಂಬು ಹಾಕಿದ ಕುರ್ಚಿಯಲ್ಲಿ ಕೂತಳು. ಮರಿಯವನು ಮಿಷನ್ನಿನ ಕೋಣೆಗೆ ಹೋಗಿ, ಎರಡು ಮೊಟ್ಟೆ ಒಡೆದು ನೋಡಿ, ಕೈ ತೊಳೆದುಕೊಂಡು ಬಂದ. ಮುಖ ಕಪ್ಪಿಟ್ಟಿತ್ತು. ಮೊಂಡಿ ಮಾತ್ರ ಆವತ್ತು ಕುರ್ಚಿ ಎಳೆದುಕೊಂಡು ಎಲ್ಲರ ಜೊತೆ ಕೂತಿದ್ದಳು. ಗಾಲಿ ಇದ್ದ ಸೂಟ್‌ಕೇಸು ಬಾಗಿಲ ಹತ್ತಿರ ತಯಾರಾಗಿ ನಿಂತಿತ್ತು.

"ತುಂಬಿಸಿಯೂ ಆಯ್ತಾ? ಒಳ್ಳೇದು," ಅಂದ ಅಪ್ಪ. "ತಪ್ಪು ಮಾಡಿದ್ದು ಸಾಲದು ಅಂತ ದೊಡ್ಡವರ ತಲೆಗೆ ಕಟ್ಟೋದು ಬೇರೆ."

"ಅನ್ನ ಹಾಕ್ಕೋ," ಅಂದಳು ತಾಯಿ ಗಂಡನಿಗೆ.

"ಅನ್ನ ಇಳಿಯಲ್ಲ ನನಗೆ."

ವಾರ್ಡನಮ್ಮ ಸೂಟ್‌ಕೇಸು ನೋಡಿದಳು. ಅದರ ಮೇಲೆ ಎರಡು ಜೊತೆ ಬೂಟು, ಒಂದು ಸ್ಪೀಕರು. ಆ ಸ್ಪೀಕರು ತನ್ನ ಕಿಟಕಿಯ ಮೇಲೆ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಅವಳು ನ್ಯಾಯಕ್ಕೆಂದು ಬಾಯಿ ಬಿಟ್ಟಳು ಅಂತ ಹೇಳಿದರೆ ಅವಳೇ ಒಪ್ಪಲಾರಳು. ಆದರೆ ಬಿಟ್ಟಳು.

"ಮುಚ್ಚಳ ತೆಗೆದಿದ್ದು ನಾನು."

ಮರಿಯವನು ತಲೆ ಎತ್ತಿದ. "ಏನು?"

"ನಾನೇ. ಟ್ರೇ ಹೊರಗಿಟ್ಟು, ಫ್ಯಾನು ಹಾಕಿ ಎಣಿಸ್ತಿದ್ದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು, ಮೂರೂ ದಿನ. ಚೀಟಿ ನೋಡಿದೆ, ನಂಬಲಿಲ್ಲ. ಹುಡುಗಿ ಹೇಳಿದ್ದು ನಿಜ."

ತಮ್ಮನ ಕಣ್ಣು ಒದ್ದೆಯಾಯಿತು. ಎದ್ದು ಬಂದು ಅಕ್ಕನ ಹೆಗಲ ಮೇಲೆ ಕೈ ಇಟ್ಟ. "ಬೇಡಕ್ಕಾ. ನಿನ್ನ ಮನಸ್ಸು ದೊಡ್ಡದು, ನಂಗೊತ್ತು. ಇವಳನ್ನ ಉಳಿಸೋಕೆ ನೀನು ಸುಳ್ಳು ಹೇಳೋದು ಬೇಡ."

"ಸುಳ್ಳಲ್ಲವೋ ಪುಣ್ಯಾತ್ಮಾ!"

"ಸಾಕು ಬಿಡಕ್ಕಾ. ಇವಳು ಅತ್ತೂ ಕರೆದೂ ನಿನ್ನನ್ನ ಒಪ್ಪಿಸಿರಬೇಕು."

ಮೊಂಡಿಗೆ ಬಾಯಲ್ಲಿ ಅನ್ನ ಇದ್ದಾಗಲೇ ನಗು ಬಂತು. ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂದು, ನೀರು ಕುಡಿದು ಮತ್ತೆ ನಕ್ಕಳು. ಅದು ಕೇಳುವುದಕ್ಕೆ ಚೆನ್ನಾದ ನಗುವಲ್ಲ.

"ನಗು! ನಾಚಿಕೆಗೆಟ್ಟವಳೇ," ಅಂದ ಅಪ್ಪ.

ತಾಯಿ ಕೋಲಿನಿಂದ ನೆಲಕ್ಕೆ ಒಂದು ಸಲ ಕುಟ್ಟಿದಳು. "ರೀ, ನಾನು ಈ ಮನೆಗೆ ಬಂದು ಹದಿನೆಂಟು ವರ್ಷ ಆಯ್ತು. ನಿಮ್ಮಕ್ಕ ಯಾರ ಪರವಾಗೂ ಒಂದು ಒಳ್ಳೇ ಮಾತು ಆಡಿದ್ದನ್ನ ನಾನು ಕೇಳಿಲ್ಲ. ಇನ್ನು ಇವಳಿಗೋಸ್ಕರ ಸುಳ್ಳು ಹೇಳ್ತಾರಾ? ಅವರು ಹೇಳ್ತಿರೋದು ನಿಜ."

ವಾರ್ಡನಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಆದರೆ ಇಡೀ ಮೇಜಿನಲ್ಲಿ ತನ್ನನ್ನು ನಂಬಿದವಳು ಅವಳೊಬ್ಬಳೇ. ಹೌದೆಂದು ತಲೆ ಆಡಿಸಿದಳು.

"ಎಣಿಸು ಅಂತ ಅವರಿಗೆ ಹೇಳಿದ್ದು ಯಾರು?" ಅಂದಳು ತಾಯಿ. "ಹದಿನೆಂಟರ ಮೇಲೆ ತೆಗೀಬೇಡ ಅಂತ ಅವರಿಗೆ ಹೇಳಿದ್ರಾ?"

ಮರಿಯವನು ಒಬ್ಬೊಬ್ಬರ ಮುಖವನ್ನೂ ನೋಡಿದ. ತಿಳಿಯಿತು ಅನ್ನುವುದು ಅವನ ಕಿವಿ ಕೆಂಪಾದದ್ದರಿಂದಲೇ ಗೊತ್ತಾಯಿತು. ಆದರೆ ತಪ್ಪಾಯಿತು ಅನ್ನುವ ಮಾತು ಆ ಮನೆತನದಲ್ಲೇ ಯಾರಿಗೂ ಬರುತ್ತಿರಲಿಲ್ಲ. ಕೂತು ತಟ್ಟೆ ಮುಂದಕ್ಕೆ ತಳ್ಳಿದ.

"ಯಾರು ತೆಗೆದ್ರೂ ಮರಿ ಮೂವತ್ತೊಂದೇ. ಮಾತು ಎಂಬತ್ತಕ್ಕೆ ಆಗಿತ್ತು."

"ಏನ್ರೀ ಹಾಗಂದ್ರೆ?"

"ಮಾತು ಅಂದ್ರೆ ಮಾತು."

"ಬಿಡಮ್ಮಾ," ಅಂದಳು ಮೊಂಡಿ, ಎದ್ದು ಕೈ ತೊಳೆಯುತ್ತ. "ಇರು ಅಂದ್ರೂ ನಾನು ಇರಲ್ಲ. ಈ ಮನೇಲಿ ನಾನು ನಿಜ ಹೇಳಿದ್ರೂ ಸುಳ್ಳು, ಅತ್ತೆ ನಿಜ ಹೇಳಿದ್ರೂ ಸುಳ್ಳು. ಅತ್ತೆ ಮನೇಲಾದ್ರೆ ಏನಾಯ್ತು ಅಂತ ಇರೋ ಇಬ್ಬರಿಗೂ ಗೊತ್ತು."

"ನೀನು ಬರೋದು ಬೇಡ," ಅಂದಳು ವಾರ್ಡನಮ್ಮ. ಇಡೀ ತಿಂಗಳಲ್ಲಿ ಅವಳು ಮನಸ್ಸಿನಿಂದ ಆಡಿದ ಮೊದಲ ಮಾತು ಅದು.

"ಗೊತ್ತು. ಅದಕ್ಕೇ ಬರ್ತಿದ್ದೀನಿ. ನಿಮ್ಮೊಬ್ಬರನ್ನೇ ಮನೇಲಿ ಬಿಟ್ರೆ ಇನ್ನೂ ಏನೇನು ತೆಗೀತೀರೋ."

ತಾಯಿ ಮಗಳ ಕೈ ಹಿಡಿಯಲು ಹೋದಳು. ಕುರ್ಚಿಯಿಂದ ಏಳಲು ಆಗಲಿಲ್ಲ. ಹುಡುಗಿ ಅವಳ ತಲೆಯ ಮೇಲೆ ಒಂದು ಕ್ಷಣ ಗಲ್ಲ ಊರಿ, ಅಪ್ಪನ ಕಡೆ ನೋಡದೆ, ಬೂಟು ಬಗಲಿಗೆ ಸಿಕ್ಕಿಸಿಕೊಂಡಳು.

ವಾರ್ಡನಮ್ಮ ಆಗಲೇ ಗೇಟು ದಾಟಿದ್ದಳು. "ನನ್ನ ಮನೇಲಿ ಏಳಕ್ಕೆ ಊಟ," ಅಂದಳು ಹಿಂದೆ ತಿರುಗದೆ. "ಏಳೂ ಐದಾದ್ರೆ ಸಿಗಲ್ಲ."

"ಆರೂವರೆಗೇ ಬಂದು ಕೂತ್ಕೋತೀನಿ. ನೀವು ಏನು ಹಾಕಿ ಬೇಯಿಸ್ತೀರೋ ನೋಡಬೇಕು."

"ಹಾಡು ಗೀಡು ಹಾಕೋ ಹಾಗಿಲ್ಲ."

"ನೀವು ಗೊರಕೆ ಹೊಡೆಯೋ ಹಾಗಿಲ್ಲ."

ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಜಲ್ಲಿಕಲ್ಲಿನ ಮೇಲೆ ಸೂಟ್‌ಕೇಸಿನ ಗಾಲಿ ಗಡಗಡ ಅನ್ನುತ್ತ ಹಿಂದೆ ಬರುತ್ತಿತ್ತು. ವಾರ್ಡನಮ್ಮ ನಡಿಗೆ ಚುರುಕು ಮಾಡಿದಳು. ಹಿಂದಿನ ಗಾಲಿಯೂ ಚುರುಕಾಯಿತು.